ಧರಣೆಪ್ಪನವರ ಬಲಗಡೆಯ ಕಿಸೆ

ಧರಣೆಪ್ಪನವರಿಗೆ ಯಾರಾದರೂ ನಮಸ್ಕಾರ ಮಾಡಿದರೆ, ಅವರು ತಿರುಗಿ ಕೈ ಜೋಡಿಸುವುದಕ್ಕೆ ಒಂದು ಗಳಿಗೆ ತಡವಾಗುತ್ತಿತ್ತು. ಎಡಗೈ ಮೊದಲು ಮೇಲೆ ಬರುತ್ತಿತ್ತು. ಬಲಗೈ ಕೋಟಿನ ಕಿಸೆಯೊಳಗಿಂದ, ಒಲ್ಲದ ಮನಸ್ಸಿನಿಂದ, ಆಮೇಲೆ. ಹೊಸಬರು ಇದನ್ನು ಸೊಕ್ಕು ಅಂದುಕೊಳ್ಳುತ್ತಿದ್ದರು. ಆ ಕಿಸೆಯಲ್ಲಿ ಏನಿದೆ ಎಂಬುದು ಇಡೀ ಬೆಳಗಾವಿಯಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬರು ಅವರು, ಇನ್ನೊಬ್ಬ ನಾನು. ಅದನ್ನು ಅಲ್ಲಿ ಇಡಿಸಿದವನೂ ನಾನೇ.

ನಾನು ಬೀಡಿ ಎಂಬ ಹಳ್ಳಿಯಿಂದ ಬರಿಗಾಲಲ್ಲಿ ಬೆಳಗಾವಿಗೆ ಬಂದವನು. ದಂಡಿನವರಿದ್ದ ಕ್ಯಾಂಪಿನ ಸಾಹೇಬರಿಗೆ ವರ್ಗವಾದಾಗ ಅವರು ಬಿಟ್ಟುಹೋಗುವ ಕುರ್ಚಿ, ಕನ್ನಡಿ, ದೀಪಗಳನ್ನು ಕೊಂಡು ಪೇಟೆಯಲ್ಲಿ ಮಾರುತ್ತಿದ್ದೆ. ಸಾಲಿ ಕಲಿತದ್ದು ಕಡಿಮೆ, ಚೌಕಾಸಿ ಕಲಿತದ್ದು ಜಾಸ್ತಿ. ಯಾರಾದರೂ ಏನನ್ನಾದರೂ ಕೊಳ್ಳಲು ಹೊರಟರೆ, ಮಾರಲು ಹೊರಟರೆ, ಕೊಡಲು ಹೊರಟರೆ, ಕೇಳದಿದ್ದರೂ ಒಂದು ಮಾತು ಹೇಳದೆ ಇರಲಾರೆ. ಧರಣೆಪ್ಪನವರಿಗೆ ನನ್ನ ಈ ಚಾಳಿ ಬಲು ಇಷ್ಟವಾಗಿತ್ತು. ನನ್ನ ಮಾತನ್ನು ಅವರಷ್ಟು ಕೇಳಿದವರು ಇನ್ನೊಬ್ಬರಿಲ್ಲ. ಕೇಳಬಾರದಿತ್ತು ಎಂದು ಈಗ ಅನಿಸುತ್ತದೆ.

ಅವರದು ಮೂರು ತಲೆಮಾರಿನ ಹಿತ್ತಾಳೆ ತಾಮ್ರದ ಭಾಂಡೆ ಅಂಗಡಿ. ಎತ್ತರದ ಆಳು, ಬಿಳಿ ರುಮಾಲು, ಕಪ್ಪು ಕೋಟು, ಮಾತು ಮೆಲ್ಲಗೆ. ಊರಲ್ಲಿ ಯಾರ ಮನೆಯ ಮದುವೆಯಾದರೂ ದೊಡ್ಡ ಹಂಡೆ, ಪರಾತ, ಕೊಳಗ ಅವರ ಅಂಗಡಿಯಿಂದಲೇ ಹೋಗಬೇಕು. ಬಾಡಿಗೆಯ ಮಾತೇ ಇಲ್ಲ. ಹೋದದ್ದು ತಗ್ಗು ಬಿದ್ದು, ಮಸಿ ಹಿಡಿದು ಬರುತ್ತಿತ್ತು. ಧರಣೆಪ್ಪನವರು ತಾವೇ ಕೂತು ಕಟ್ಟಿಗೆಯ ಸುತ್ತಿಗೆಯಿಂದ ಒಳಗಿನಿಂದ ಬಡಿದು ತಗ್ಗನ್ನು ಎತ್ತುವರು. ನಾನು ಬೈದರೆ, "ಇರಲಿ ಬಿಡೋ ಬಸಣ್ಣಾ, ತಗ್ಗು ಬಿದ್ದದ್ದು ಎತ್ತಬಹುದು" ಅನ್ನುವರು. ಇದು ಅವರ ಖಾಯಂ ಮಾತು.

ಆದರೆ ಮೋಟಾರಿನ ಸಂಗತಿ ಬೇರೆಯಾಯಿತು.

ವಿಲಾಯಿತಿಗೆ ಹೊರಟ ಒಬ್ಬ ಸಾಹೇಬನಿಂದ ಆ ಮೋಟಾರನ್ನು ಅವರಿಗೆ ಕೊಡಿಸಿದ್ದೂ ನಾನೇ. ಕಡುಹಸಿರು ಬಣ್ಣ, ಮೇಲೆ ಮಡಿಚುವ ಬಟ್ಟೆಯ ಟಪ್ಪು, ಮುಂದೆ ಎರಡು ಹಿತ್ತಾಳೆಯ ದೀಪ. ಆಗ ಊರಲ್ಲಿ ಮೋಟಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಧರಣೆಪ್ಪನವರು ದಿನಾ ಮುಂಜಾನೆ ಬಸದಿಗೆ ಹೋಗಿ ಬಂದವರೇ ಹುಣಸೆಹಣ್ಣು ಹಚ್ಚಿ ದೀಪ ತಿಕ್ಕುವರು. ಅವರ ಹೆಂಡತಿ ಪದ್ಮವ್ವ ಬಾಗಿಲಲ್ಲಿ ನಿಂತು, "ಮನಿ ಸಮೆ ಹಿಂಗ ತಿಕ್ಕಿದ್ರ ನಾ ಅರ್ಧ ಕೆಲಸದಾಗ ಪಾರಾಗ್ತಿದ್ನಿ" ಅನ್ನುವಳು. ಸಮೆ ಎಂದರೆ ದೇವರ ಮುಂದಿನ ಎತ್ತರದ ದೀಪ. ಅವರು ನಕ್ಕು, ಇನ್ನಷ್ಟು ತಿಕ್ಕುವರು.

ನಮ್ಮೂರಲ್ಲಿ ದೇಶದ ಮುಖಂಡರೆಲ್ಲ ಸೇರಿದ ಆ ದೊಡ್ಡ ಅಧಿವೇಶನ ನಡೆದ ಚಳಿಗಾಲದಲ್ಲಿ, ದೂರದ ಅತಿಥಿಗಳನ್ನು ಸ್ಟೇಶನ್ನಿನಿಂದ ಕರೆತರಲು ಕೇಳಿದವರಿಗೆಲ್ಲ ಮೋಟಾರು ಕೊಟ್ಟರು. ಕೊನೆಗೆ ಅದು ತಿರುಗಿ ಬಂದಾಗ ಒಂದು ದೀಪದ ಗಾಜು ಇಲ್ಲ, ಹಿಂದಿನ ಸೀಟಿನ ಮೇಲೆ ಎಲೆಯಡಿಕೆಯ ಉಗುಳು. ಧರಣೆಪ್ಪನವರು ಒಡೆದ ದೀಪದ ಮುಂದೆ ಕೂತುಬಿಟ್ಟರು. ಆ ದಿನ ಊಟ ಮಾಡಲಿಲ್ಲ.

"ಇನ್ನ ಯಾರಿಗೂ ಕೊಡಬ್ಯಾಡ್ರಿ, ಸಾವಕಾರ್ರ" ಅಂದೆ.

"ಮಾರಿ ನೋಡಿ ಇಲ್ಲ ಅನ್ನಾಕ ನನಗ ಬರೂದಿಲ್ಲೋ. ನಮ್ಮಪ್ಪನೂ ಅಂದವನಲ್ಲ."

ಆಗ ನನ್ನ ತಲೆ ಓಡಿತು. ಆ ಎಂಜಿನ್ನಿನಲ್ಲಿ ಕಿಡಿ ಹಂಚುವ ಒಂದು ಸಣ್ಣ ಹಿತ್ತಾಳೆಯ ತುಂಡು ಇತ್ತು, ಹೆಬ್ಬೆರಳಿನ ಗಾತ್ರದ್ದು. ಸಾಹೇಬನ ಡ್ರೈವರ್ ನಮಗೆ ತೋರಿಸಿದ್ದ. ಅದನ್ನು ತೆಗೆದರೆ ಮೋಟಾರಿನ ಮುಂದಿನ ಹ್ಯಾಂಡಲನ್ನು ಸಂಜೆಯತನಕ ತಿರುವಿದರೂ ಗಾಡಿ ಚಾಲೂ ಆಗದು. ನೋಡುವವರಿಗೆ ಏನು ಕಡಿಮೆಯಾಗಿದೆ ಎಂದು ತಿಳಿಯದು. ನಾನು ಅದನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟೆ.

"ನೀವು ಇಲ್ಲ ಅನಬ್ಯಾಡ್ರಿ. ಒಯ್ರಿ, ನಿಮ್ಮದಽ ಗಾಡಿ ಅನ್ರಿ. ಇಲ್ಲ ಅನ್ನೂದು ಗಾಡಿ ಕೆಲಸ."

ಅವರು ಅದನ್ನು ಕೋಟಿನ ಬಲಗಡೆಯ ಕಿಸೆಗೆ ಹಾಕಿಕೊಂಡರು.

ಖರೇ ಹೇಳುತ್ತೇನೆ, ಮೊದಮೊದಲು ನಮಗಿಬ್ಬರಿಗೂ ಅದು ಮೋಜಿನ ಸಂಗತಿಯಾಗಿತ್ತು. ದೊಡ್ಡ ರುಮಾಲಿನ ವಕೀಲರು, ಮೀಸೆ ತಿರುವುವ ಗುತ್ತೇದಾರರು ಬಂದು ಹ್ಯಾಂಡಲ್ ತಿರುವಿ ತಿರುವಿ ಬೆವರುವರು. ಧರಣೆಪ್ಪನವರು ಅವರಿಗೆ ಮಜ್ಜಿಗೆ ತರಿಸುವರು. "ಅಯ್ಯೋ, ನಿಮ್ಮ ಗಾಡಿ ನಮ್ಮ ಕೈಯಾಗ ಕೆಟ್ಟಿತೇನ್ರೀ" ಎಂದು ಅವರೇ ಕ್ಷಮೆ ಕೇಳಿ ಹೋಗುವರು. ಒಬ್ಬರ ಸ್ನೇಹವೂ ಹೋಗಲಿಲ್ಲ, ಇನ್ನೊಂದು ಗಾಜೂ ಒಡೆಯಲಿಲ್ಲ. ನನ್ನ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಒಬ್ಬನ ವಿಷಯದಲ್ಲಿ ಮಾತ್ರ ಅವರು ಅಳುಕಿದರು. ವಿಠೋಬ ಅಂತ, ಖಾನಾಪುರದಲ್ಲಿ ಹೆಂಚಿನ ಭಟ್ಟಿ ಇಟ್ಟವನು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಸಾಲಿಯಲ್ಲಿ ಕೂತವರು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಊರಿಗೆಲ್ಲ ಸಾವಕಾರರಾದ ಧರಣೆಪ್ಪನವರು ಅವನಿಗೆ ಮಾತ್ರ "ಧರಣ್ಯಾ". ಕೋಟೆಯ ಕಂದಕದ ಬಾಜುವಿನ ರಸ್ತೆಯಲ್ಲಿ ಅವನಿಗೆ ಮೋಟಾರು ನಡೆಸಲು ಕಲಿಸಿದವರೂ ಅವರೇ. ಮೋಟಾರು ಬಂದ ಮೊದಲ ದಿನ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದವಳು ವಿಠೋಬನ ಹೆಂಡತಿ ಸಗುಣಾ. ಅವಳನ್ನು ಅವರು ತಂಗೆವ್ವಾ ಎಂದೇ ಕರೆಯುತ್ತಿದ್ದರು.

"ವಿಠೋಬಗರೆ ಗುಟ್ಟು ಹೇಳತೀನಿ, ಬಸಣ್ಣಾ."

"ಬ್ಯಾಡ್ರಿ. ಒಬ್ಬರಿಗೆ ಹೇಳಿದ್ರ ಊರಿಗೆ ಹೇಳಿದಂಗ. ಭಟ್ಟಿ ಮ್ಯಾಲ ನೂರು ಮಂದಿ ಬರತಾರ, ಹೋಗತಾರ. ಮಾತು ನಿಲ್ಲೂದಿಲ್ಲ."

ಅವರು ಹೇಳಲಿಲ್ಲ.

ಮರುವರ್ಷದ ಭಾದ್ರಪದ. ಮಳೆ ಬಿಟ್ಟಿರಲಿಲ್ಲ. ದಶಲಕ್ಷಣ ಪರ್ವದ ಕೊನೆಯ ದಿನ ಧರಣೆಪ್ಪನವರು ಉಪವಾಸ, ಮೌನ ಹಿಡಿದು ಬಸದಿಯಲ್ಲಿ ಕೂತಿದ್ದರು. ಮರುದಿನ ಮುಂಜಾನೆಯ ತನಕ ಏಳುವಂತಿಲ್ಲ. ಹೊಲಿದ ಬಟ್ಟೆ ತೊಡುವಂತಿಲ್ಲವಾದ್ದರಿಂದ ಕೋಟು ಮನೆಯ ಗೂಟದಲ್ಲಿತ್ತು. ನಾನು ವ್ಯಾಪಾರಕ್ಕೆಂದು ಬೀಡಿಗೆ ಹೋಗಿದ್ದೆ. ಆ ದಿನ ನಡೆದದ್ದನ್ನು ಆಮೇಲೆ ಪದ್ಮವ್ವನ ಬಾಯಿಂದ ಕೇಳಿದೆ.

ಮುಂಜಾನೆಯ ರೈಲಿಗೆ ವಿಠೋಬ ತೊಯ್ದು ತಪ್ಪಡಿಯಾಗಿ ಬಂದ. ಹಿಂದಿನ ದಿನದಿಂದ ಸಗುಣಾ ಹೆರಿಗೆ ನೋವು ತಿನ್ನುತ್ತಿದ್ದಳು. ಕೂಸು ಅಡ್ಡವಾಗಿತ್ತು. ಸೂಲಗಿತ್ತಿ ಕೈಚೆಲ್ಲಿದ್ದಳು. ಅವನು ಸ್ಟೇಶನ್ನಿನಿಂದ ನೆಟ್ಟಗೆ ಹೋಗಿ ಕಂಡ ಕ್ಯಾಂಪಿನ ಡಾಕ್ಟರು, "ಗಾಡಿ ತರ್ರಿ, ಈಗಿಂದೀಗ ಬರತೀನಿ" ಎಂದಿದ್ದರು. ತಿರುಗಿ ಹೋಗುವ ರೈಲು ಸಂಜೆಗೆ. ಬಾಡಿಗೆಯ ಮೋಟಾರು ನಿಪ್ಪಾಣಿ ಕಡೆಗೆ ಹೋಗಿತ್ತು.

"ಬಸದಿಗೆ ಹೇಳಿ ಕಳಸ್ಲಿ?" ಅಂದಳಂತೆ ಪದ್ಮವ್ವ.

"ಬ್ಯಾಡ ವೈನಿ, ವ್ರತಾ ಯಾಕ ಕೆಡಸೂದು. ಗಾಡಿ ಇಲ್ಲೇ ಐತೆಲ್ಲ, ನನಗ ನಡಸಾಕ ಬರತೈತಿ."

ಅವನು ಚಳಿಗೆ ನಡುಗುತ್ತಿದ್ದ. ಪದ್ಮವ್ವ ಗೂಟದ ಮೇಲಿನ ಗಂಡನ ಕೋಟು ತೆಗೆದು ಅವನಿಗೆ ಕೊಟ್ಟಳು. ಅವನು ಅದನ್ನು ತೊಟ್ಟುಕೊಂಡು ಹ್ಯಾಂಡಲ್ ಹಿಡಿದ.

ಒಂದು ತಾಸಿಗೂ ಹೆಚ್ಚು ತಿರುವಿದ. ಅಂಗೈಯ ಬೊಬ್ಬೆ ಒಡೆಯಿತು. ಈಗ ಆಗಬಹುದು, ಇನ್ನೊಮ್ಮೆ ತಿರುವಿದರೆ ಆಗಬಹುದು ಎನ್ನುವ ಆಸೆಯೇ ಹೊತ್ತು ತಿಂದಿತು. ಗಾಡಿ ಮೊದಲೇ ಇಲ್ಲದಿದ್ದರೆ ಅವನು ಆಗಲೇ ಟಾಂಗಾ ಹುಡುಕುತ್ತಿದ್ದ. ಕೊನೆಗೆ ಡಾಕ್ಟರನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಕೆಸರಿನ ದಾರಿಯಲ್ಲಿ ಹೊರಟಾಗ ಮಧ್ಯಾಹ್ನ. ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಗುಣಾ ಅಷ್ಟರೊಳಗೆ ಹೋಗಿದ್ದಳು. ಕೂಸೂ ಉಳಿಯಲಿಲ್ಲ.

ಹದಿಮೂರನೆಯ ದಿನ ನಾನು, ಧರಣೆಪ್ಪನವರು ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ಅವರ ಮೈಮೇಲೆ ಕೋಟಿರಲಿಲ್ಲ. ಅದು ವಿಠೋಬನ ಮನೆಯಲ್ಲೇ ಇತ್ತು.

ವಿಠೋಬ ನಮ್ಮನ್ನು ಚಾಪೆಯ ಮೇಲೆ ಕೂಡಿಸಿದ. ಒಳಗೆ ಹೋಗಿ ಒಗೆದು ಮಡಿಚಿದ ಕೋಟು ತಂದ. ಅದರ ಮೇಲೆ ಒಂದು ಸಣ್ಣ ಅರಿವೆಯ ಗಂಟು.

"ಧರಣ್ಯಾ, ಇದು ನಿನ್ನ ಕಿಸೆದಾಗ ಇತ್ತು. ಅಂಗಡ್ಯಾಂದು ಏನರೆ ಇರಬೇಕಂತ ತೊಳದು ಒರಸಿ ಜ್ವಾಕಿ ಇಟ್ಟೀನಿ. ನಿನ್ನ ಗಾಡಿಗೆ ಅವತ್ತ ನಾನಽ ಏನೋ ಮಾಡಿದ್ನೋ. ತಿರುವಿ ತಿರುವಿ ಕೆಡಿಸಿದೆ ಅನಸ್ತೈತಿ. ಸಿಟ್ಟಾಗಬ್ಯಾಡ."

ಧರಣೆಪ್ಪನವರ ಬಾಯಿ ತೆರೆಯಿತು. ನಾನು ಅವರ ಮೊಣಕೈಯನ್ನು ಬಿಗಿಯಾಗಿ ಹಿಡಿದೆ. ಅವರು ಬಾಯಿ ಮುಚ್ಚಿದರು. ಗಂಟು ಬಿಚ್ಚಲಿಲ್ಲ, ಹಾಗೆಯೇ ತೆಗೆದುಕೊಂಡರು.

ಆಮೇಲೆ ಅವರು ಕರಗುತ್ತ ಹೋದರು. ದೀಪ ತಿಕ್ಕುವುದು ನಿಂತಿತು. ಅಂಗಡಿಯಲ್ಲಿ ಹಂಡೆಯ ತಗ್ಗು ಎತ್ತುತ್ತ ಕೂತವರು ನಡುವೆಯೇ ಸುತ್ತಿಗೆ ಕೆಳಗಿಟ್ಟು ಎದ್ದುಹೋಗುವರು. ದೀಪಾವಳಿ ಕಳೆದ ಮೇಲೆ ಒಂದು ದಿನ ನನ್ನನ್ನು ಕರೆಸಿದರು.

"ನಾಳೆ ವಿಠೋಬಗ ಹೇಳಿ ಬರತೀನಿ."

ನಾನು ಅಷ್ಟು ಬಿರುಸಾಗಿ ಯಾವ ಸಾಹೇಬನ ಜೊತೆಯೂ ಚೌಕಾಸಿ ಮಾಡಿರಲಿಲ್ಲ. "ಗಾಡಿ ಚಾಲೂ ಆಗಿದ್ರೂ ಆಕಿ ಉಳೀತಿದ್ಲೋ ಇಲ್ಲೋ, ಯಾರಿಗೆ ಗೊತ್ತು? ಹೇಳಿದ್ರ ಆಕಿ ಎದ್ದು ಬರತಾಳೇನ್ರೀ? ಅಂವಗ ಹೆಂಡತಿ ಹೋಗ್ಯಾಳ, ಈಗ ಗೆಳೆಯಾನೂ ಹೋಗಬೇಕೇನು? ನಿಮಗ ಹಗುರ ಆಗಲಂತ ಅಂವಗ ಭಾರಾ ಹೊರಸತೀರಿ."

"ತಾನಽ ಕೆಡಿಸಿದೆ ಅನ್ಕೊಂಡಾನೋ ಅಂವಾ. ನನ್ನ ಭಾರಾ ಅಂವಾ ಹೊತ್ತಾನ."

ಮರುದಿನ ನಾನೂ ಜೊತೆಗೆ ಹೋದೆ.

ವಿಠೋಬ ಭಟ್ಟಿಯ ಮುಂದೆ ಸುಟ್ಟ ಹೆಂಚುಗಳನ್ನು ಒಟ್ಟುತ್ತಿದ್ದ. ಧರಣೆಪ್ಪನವರು ನಿಂತೇ ಎಲ್ಲ ಹೇಳಿದರು. ಉಪಾಯ ನನ್ನದು ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿ ಮುಗಿಸಿ, ಕಿಸೆಯಿಂದ ಆ ಹಿತ್ತಾಳೆಯ ತುಂಡು ತೆಗೆದು ಅಂಗೈ ಚಾಚಿದರು.

ವಿಠೋಬ ಅದನ್ನು ನೋಡಿದ.

"ತಿರುವೂ ಮುಂದ ತೊಡಿಗೆ ಬಡೀತಿತ್ತು, ಇದು" ಎಂದ. "ನಾನಽ ತೊಳದು ಕೊಟ್ಟೆ."

ಮತ್ತೆ ಹೆಂಚು ಒಟ್ಟತೊಡಗಿದ. ಒಂದು ಸಾಲು ಮುಗಿಯಿತು. ಇನ್ನೊಂದು ಸಾಲು ಮುಗಿಯಿತು. ನಾವು ನಿಂತೇ ಇದ್ದೆವು. ಆಮೇಲೆ ನಮ್ಮ ಕಡೆ ನೋಡದೆ ಅಂದ:

"ರೈಲಿನ ಟೈಮ್ ಆತು. ಹೋಗಿ ಬರ್ರಿ, ಸಾವಕಾರ್ರ."

ಸಾಲಿಯ ಕಟ್ಟೆಯಿಂದ ಅಲ್ಲಿಯತನಕ ಒಂದು ದಿನವೂ ಆ ಬಾಯಿ ಅವರನ್ನು ಹಾಗೆ ಕರೆದಿರಲಿಲ್ಲ. ತುಂಡು ಅಂಗೈಯಲ್ಲಿರುವಂತೆಯೇ ಧರಣೆಪ್ಪನವರು ಕೈ ಜೋಡಿಸಿದರು. ಎರಡೂ ಕೈ ಒಟ್ಟಿಗೇ ಮೇಲೆ ಬಂದವು.

ಆ ದಿನವೇ ಮನೆಗೆ ಬಂದು ತುಂಡನ್ನು ಎಂಜಿನ್ನಿನಲ್ಲಿ ಕೂಡಿಸಿದರು. ಮತ್ತೆ ತೆಗೆಯಲಿಲ್ಲ. ಮೋಟಾರಿನ ಕೋಣೆಗೆ ಕೀಲಿ ಹಾಕುವುದು ಬಿಟ್ಟರು. ದಿನಾ ಮುಂಜಾನೆ ಒಮ್ಮೆ ಹ್ಯಾಂಡಲ್ ತಿರುವಿ, ಚಾಲೂ ಆಗುತ್ತದೆ ಎಂದು ಖಾತ್ರಿ ಮಾಡಿಕೊಂಡು ಬಂದ್ ಮಾಡುವರು. ತಾವು ಮಾತ್ರ ಒಳಗೆ ಕೂರಲಿಲ್ಲ. ಯಾರು ಯಾವುದಕ್ಕೆ ಕೇಳಿದರೂ, "ಒಯ್ರಿ" ಅನ್ನುವರು. ಮದುವೆಗೆ ಹೋಯಿತು, ದವಾಖಾನೆಗೆ ಹೋಯಿತು, ಬೇಟೆಗೂ ಹೋಯಿತು. ಟಪ್ಪು ಹರಿಯಿತು, ಬಾಗಿಲು ತಗ್ಗು ಬಿತ್ತು. ನಾನು ಒಮ್ಮೆ ಹಳೆಯ ಚಾಳಿಗೆ, "ಬಾಗಲಾನರೆ ಬಡದು ಸರಿ ಮಾಡಸ್ರಿ" ಅಂದೆ. "ತಗ್ಗು ಬಿದ್ದದ್ದು..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು.

ಎರಡು ಮಳೆಗಾಲ ಕಳೆದು ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ ಮೈಯಲ್ಲಿ ಬರೀ ಎಲುಬು. ಹೊದಿಕೆಯೊಳಗೆ ಬಲಗೈ ತೊಡೆಯ ಪಕ್ಕದಲ್ಲಿ ಏನನ್ನೋ ತಡಕಾಡುತ್ತಿತ್ತು. "ಬಸಣ್ಣಾ, ದಿನಾ ಒಂದ್ಸರತಿ ತಿರುವಿ ಇಡು" ಎಂದಷ್ಟೇ ಹೇಳಿದರು. ಅವರು ನನಗೆ ಹೇಳಿದ ಕಡೆಯ ಮಾತು ಅದು. ಅವರು ನನ್ನ ಮಾತು ಅಷ್ಟು ಕೇಳಿದ್ದರು, ನಾನು ಅವರದು ಒಂದನ್ನು ಕೇಳಿದೆ. ಅವರು ಕಣ್ಣು ಮುಚ್ಚಿದ ದಿನವೂ ತಿರುವಿದೆ, ಮರುದಿನವೂ ತಿರುವಿದೆ.

ಈಗ ನನ್ನ ಅಂಗಡಿಯ ಮುಂದೆ ನನ್ನದೇ ಮೋಟಾರು ನಿಂತಿದೆ. ಗೆಳೆಯರು ಕೇಳಲು ಬರುತ್ತಾರೆ. ನಿಮ್ಮ ಹತ್ತಿರವೂ ಅಂಥ ವಸ್ತು ಇದ್ದರೆ, ಇಷ್ಟು ಹೇಳುತ್ತೇನೆ. ಕೊಡುವುದಿದ್ದರೆ ಕೊಡಿ. ಒಲ್ಲೆ ಎನ್ನುವುದಿದ್ದರೆ ಮುಖ ನೋಡಿ, ಬಾಯಿ ಬಿಟ್ಟು ಒಲ್ಲೆ ಎನ್ನಿ. ಸಿಟ್ಟಾಗಿ ಹೋದವನು ಟಾಂಗಾವನ್ನಾದರೂ ಹುಡುಕಿಕೊಳ್ಳುತ್ತಾನೆ.

ಧರಣೆಪ್ಪನವರು ಕಣ್ಣು ಮುಚ್ಚಿದ ಮೂರನೆಯ ದಿನ ವಿಠೋಬ ಬಂದ. ಪದ್ಮವ್ವನ ಮುಂದೆ ಸ್ವಲ್ಪ ಹೊತ್ತು ಕೂತ. ಅವಳು ಕೊಟ್ಟ ನೀರು ಮುಟ್ಟಲಿಲ್ಲ. ಎದ್ದು ನೆಟ್ಟಗೆ ಮೋಟಾರಿನ ಕೋಣೆಗೆ ಹೋದ. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಅವನು ಬಾಗಿ ಹ್ಯಾಂಡಲ್ ಹಿಡಿದು ಒಮ್ಮೆ ತಿರುವಿದ. ಒಂದೇ ತಿರುವಿಗೆ ಗಾಡಿ ಚಾಲೂ ಆಯಿತು.

ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಆ ಸಪ್ಪಳ ಕೇಳುತ್ತ ನಿಂತ. ಆಮೇಲೆ ನನ್ನ ಪಕ್ಕದಿಂದ ಹಾದು, ಓಣಿಗೆ ಇಳಿದು ಸ್ಟೇಶನ್ನಿನ ಕಡೆ ನಡೆದ. ಬಂದ್ ಮಾಡಿ ಹೋಗಲಿಲ್ಲ. ಅವನು ಓಣಿಯ ಮೂಲೆ ದಾಟುವ ತನಕ ನಾನೂ ಬಂದ್ ಮಾಡಲಿಲ್ಲ.