ತೊಳೆದ ಪಾದಕ್ಕೆ ಮಾತ್ರ ಪ್ರವೇಶ

ಗೆಳೆಯರೇ, ಪಾದ ತೊಳೆಸಿಕೊಳ್ಳಬೇಕಾದರೆ ಮೊದಲು ಪಾದ ತೊಳೆದುಕೊಂಡಿರಬೇಕು ಎಂದು ಇವತ್ತು ಗೊತ್ತಾಯಿತು.

ಪವಿತ್ರ ಗುರುವಾರ. ಯೇಸು ಕೊನೆಯ ಭೋಜನದ ದಿನ ಬಗ್ಗಿ ಶಿಷ್ಯರ ಪಾದ ತೊಳೆದ ನೆನಪಿಗೆ ನಮ್ಮ ಯಲ್ಲಾಪುರದ ಚರ್ಚಿನಲ್ಲೂ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಈ ಸಲ ನನ್ನನ್ನೂ ಆರಿಸಿದ್ದರು. ಲಾರಿ ಗ್ಯಾರೇಜಿನಿಂದ ನೇರ ಓಡಿದೆ. ಬಾಗಿಲಲ್ಲೇ ಚರ್ಚ್ ಸಮಿತಿಯ ಇನಾಸಣ್ಣ ತಡೆದರು.

"ಎಂತ ಮಾರಾಯ, ಕಾಲೆಲ್ಲ ಗ್ರೀಸು! ಹಿಂದ್ಗಡೆ ನಲ್ಲಿ ಅದೆ, ಸೋಪು ಹಾಕಿ ತೊಳ್ಕಂಡು ಬಾ."

"ಮತ್ತೆ ಫಾದರ್ ಎಂತ ತೊಳೀತಾರೆ?"

"ಅವ್ರು ನೀರು ಹೊಯ್ದು ಒರೆಸ್ತಾರೆ ಅಷ್ಟೇ. ಬಿಳೀ ಟವೆಲ್ಲು, ಹೊಸದು. ಕಲೆ ಆದ್ರೆ ಯಾರು ತೊಳೀಬೇಕು?"

ತೊಳೆದು ಬಂದೆ. ಫಾದರ್ ದೀನತೆಯ ಬಗ್ಗೆ ಸೊಗಸಾಗಿ ಪ್ರವಚನ ಕೊಟ್ಟು, ಸೋಪಿನಿಂದ ಘಮಘಮಿಸುತ್ತಿದ್ದ ನನ್ನ ಪಾದ ತೊಳೆದರು.

ಕೊನೆಯ ಭೋಜನದ ದಿನ ಬಾಗಿಲಲ್ಲಿ ಇನಾಸಣ್ಣ ನಿಂತಿದ್ದರೆ ಯೇಸುವಿಗೆ ಬಗ್ಗುವ ಕೆಲಸವೇ ಇರುತ್ತಿರಲಿಲ್ಲ.