ಹೆಬ್ಬೆರಳಿಗೆ ಹಚ್ಚಿದ ಮೆಹಂದಿ

ನಮ್ಮ ಮನೆಯಲ್ಲಿ ಮಗಳ ಹೆಬ್ಬೆರಳಿನದೇ ದೊಡ್ಡ ಜಗಳವಾಗಿತ್ತು. ಶಾಲೆಗೆ ಸೇರಿದರೂ ಚೀಪುವುದು ಬಿಟ್ಟಿರಲಿಲ್ಲ. ಮುಂದಿನ ಹಾಲುಹಲ್ಲು ಅಲುಗಾಡತೊಡಗಿದಾಗ ನನಗೆ ದಿಗಿಲು ಹತ್ತಿ, ಕುಷ್ಟಗಿಯಲ್ಲಿ ಬಸ್ಸು ಹಿಡಿದು ಕೊಪ್ಪಳದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.

"ಮ್ಯಾಲಿನ ಹಲ್ಲು ಆಗಲೇ ಮುಂದ ಬಂದಾವ್ರಿ. ಹೊಸ ಹಲ್ಲು ಬರೂದ್ರೊಳಗ ಈ ರೂಢಿ ಬಿಡಸ್ರಿ, ಇಲ್ಲಾಂದ್ರ ಅವೂ ಹಿಂಗ ಬರ್ತಾವ" ಅಂದರು ಡಾಕ್ಟರು. ಬಾಗಿಲ ತನಕ ಹೋದವಳನ್ನು ತಿರುಗಿ ಕರೆದು, "ಬೈಬ್ಯಾಡ್ರಿ ಮತ್ತ. ಬೈದ್ರ ಇನ್ನೂ ಜಾಸ್ತಿ ಆಗತೈತಿ" ಅಂದರು. ಅಯ್ಯೋ ದೇವರೇ, ಬೈಯದೆ ಬಿಡಿಸುವುದು ಹೇಗೆ? ನಾನೋ ಬಾಯಿ ಸುಮ್ಮನಿರದ ಹೆಂಗಸು, ಕಾಲೂ ಸುಮ್ಮನಿರುವುದಿಲ್ಲ. ವಾರವಿಡೀ ಯಲಬುರ್ಗಾದ ಆಫೀಸಿಗೆ ಓಡಾಟ, ರವಿವಾರ ಮನೆಯೊಳಗೇ ಓಡಾಟ.

ಬೇವಿನ ರಸ ಹಚ್ಚಿ ನೋಡಿದೆ. ಬಲಗೈ ಕಹಿಯಾಯಿತೆಂದು ಎಡಗೈ ಬಾಯಿಗೆ ಹೋಯಿತು. ಎರಡಕ್ಕೂ ಹಚ್ಚಿದೆ, ನನ್ನ ಸೆರಗಿಗೇ ಒರೆಸಿಕೊಂಡು ಮತ್ತೆ ಚೀಪಿದಳು. ಬಸ್ಸಿನಲ್ಲಿ ಎದುರು ಕೂತವರ ಹಲ್ಲನ್ನೆಲ್ಲ ನೋಡುವ ಹುಚ್ಚು ಹಿಡಿಯಿತು ನನಗೆ. ಹಲ್ಲು ಮುಂದೆ ಬಂದವರು ಕಂಡರೆ, ಇವರೂ ಚಿಕ್ಕಂದಿನಲ್ಲಿ ಬೆರಳು ಚೀಪಿರಬೇಕು ಅಂದುಕೊಳ್ಳುತ್ತಿದ್ದೆ.

ನಾಗರ ಪಂಚಮಿ ಹತ್ತಿರ ಬಂದಿತ್ತು. ಒಂದು ರವಿವಾರ ಅತ್ತೆ ಮೆಹಂದಿ ಕಲಸಿಕೊಂಡು ಕೂತು, ಮೊಮ್ಮಗಳ ಎರಡೂ ಹೆಬ್ಬೆರಳಿಗೆ ಟೊಪ್ಪಿಗೆ ಹಾಕಿದಂತೆ ದಪ್ಪಗೆ ಮೆತ್ತಿದರು.

"ಕೆಂಪಗ ಆಗಬೇಕಂದ್ರ ಬಾಯಾಗ ಇಡಂಗಿಲ್ಲ ನೋಡು, ನಮ್ಮವ್ವಾ."

ಹುಡುಗಿ ಹೂಂ ಅಂದಳು. ಎರಡೂ ಕೈ ಎತ್ತಿ ಹಿಡಿದುಕೊಂಡು ಮನೆ ತುಂಬ ಮೆರೆದಳು.

ಊಟವಾದ ಮೇಲೆ ಪೇಚಾಟ ಶುರುವಾಯಿತು. ಕಣ್ಣಿಗೆ ನಿದ್ದೆ ಬಂದಿದೆ, ಬೆರಳು ಬಾಯಿಗೆ ಹೋಗುವಂತಿಲ್ಲ. ಹೊರಳಾಡಿದಳು, ಗೋಡೆಗೆ ಒದ್ದಳು, ಅತ್ತಳು. ಪಕ್ಕದಲ್ಲಿ ಕೂತು ಬೆನ್ನು ತಟ್ಟಿದೆ. ನನ್ನ ಕಣ್ಣು ಮಾತ್ರ ಅಂಗಳದ ಬಟ್ಟೆ ರಾಶಿಯ ಮೇಲಿತ್ತು.

ಅಷ್ಟರಲ್ಲಿ ಹೊರಗಿನಿಂದ ಅತ್ತೆ ಕೂಗಿದರು, "ನಳಾ ಬಂತವಾ! ಲಗೂನ ಬಾ!"

ನಮ್ಮ ಓಣಿಗೆ ನಳದ ನೀರು ಯಾವಾಗ ಬರುತ್ತದೋ, ಯಾವಾಗ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ದಡಕ್ಕನೆ ಎದ್ದೆ. ಮಗಳು ಕಣ್ಣು ಬಿಟ್ಟಳು. ಹೆಬ್ಬೆರಳು ತುಟಿಯ ಹತ್ತಿರ ಹೋಯಿತು.

"ಏಯ್, ಮತ್ತ ಬಾಯಾಗ! ಅದರಾಗ ಏನೈತಿ ಅಂಥಾದ್ದು?" ರೇಗಿಯೇ ಬಿಟ್ಟೆ.

"ನಾ ಮಲಗಿದ ಕೂಡಲೇ ನೀ ಎದ್ದು ಹೋಗ್ತಿ" ಅಂದಳು. "ಇದು ನನ್ನ ಬಿಟ್ಟು ಎಲ್ಲೂ ಹೋಗೂದಿಲ್ಲವ್ವಾ."

ಅವಳ ಮುಂಗೈ ಹಿಡಿದುಕೊಂಡು ಅಲ್ಲೇ ಕೂತೆ. ಅತ್ತೆ ಮತ್ತೆರಡು ಸಲ ಕೂಗಿದರು, ಆಮೇಲೆ ನನ್ನನ್ನು ಬೈದುಕೊಳ್ಳುತ್ತ ಸಿಕ್ಕಷ್ಟು ಕೊಡ ತಾವೇ ತುಂಬಿಕೊಂಡರು. ನಳ ನಿಂತುಹೋದದ್ದು ಕೇಳಿಸಿತು. ಬಾಯಲ್ಲಿ ಬೆರಳಿಲ್ಲದೆ ಮಗಳು ನಿದ್ದೆ ಹೋದ ಮೇಲೂ ನಾನು ಏಳಲಿಲ್ಲ.