ಕಪ್ತಾನ ಮನೆಗೆ ಬಂದ ದಿನ

ಅಮೆರಿಕದ ಬಾಹ್ಯಾಕಾಶ ಶಟಲ್‌ಗಳ ಹಾರಾಟ ನಿಂತ ಮರುವರ್ಷ ನನ್ನ ಗಂಡ ನಿವೃತ್ತರಾದರು. ಆದ ತಕ್ಷಣ ಮಂಡಿಯ ಆಪರೇಷನ್ ಮಾಡಿಸಿಕೊಂಡು ಆರು ವಾರ ಸೋಫಾ ಹಿಡಿದರು. ನಾವಿದ್ದ ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನ ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳ ಮಾರಾಟವಿತ್ತು. ಕೈಗೆ ಸಿಕ್ಕ ನಾಲ್ಕನ್ನು ತಂದು ಅವರ ಪಕ್ಕದಲ್ಲಿಟ್ಟೆ. ಮೂರನ್ನು ಅವರು ತೆರೆದೂ ನೋಡಲಿಲ್ಲ. ನಾಲ್ಕನೆಯದು ಹದಿನೆಂಟನೇ ಶತಮಾನದ ಒಬ್ಬ ಹಡಗಿನ ಕಪ್ತಾನನ ಜೀವನಚರಿತ್ರೆ. ಅದನ್ನು ಮಾತ್ರ ಕೆಳಗಿಡಲಿಲ್ಲ.

ಜೀವಮಾನವೆಲ್ಲ ಶಟಲ್‌ನ ವಾಲ್ವ್‌ಗಳ ಡಿಸೈನ್ ಮಾಡಿದ ಮನುಷ್ಯ, ಈಜು ಬಾರದು. ಈಗ ಊಟಕ್ಕೆ ಕೂತರೆ ಹುಳಿಯನ್ನ ಕಲಸುತ್ತಾ ಕಪ್ತಾನನ ಸುದ್ದಿಯೇ. ಅವನು ಮೊದಲು ಒಣಮೀನು, ಉಪ್ಪು ಸಾಗಿಸುತ್ತಿದ್ದನಂತೆ. ಯುದ್ಧ ಶುರುವಾಗಿ ವ್ಯಾಪಾರ ನಿಂತಾಗ ಸರ್ಕಾರದಿಂದ ಪರವಾನಗಿ ಪಡೆದು, ಹಡಗಿಗೆ ಹದಿನಾಲ್ಕು ತೋಪು ಕೂರಿಸಿ, ಶತ್ರು ದೇಶದ ಸರಕಿನ ಹಡಗುಗಳನ್ನು ಹಿಡಿಯಲು ಹೊರಟ. ಹಿಡಿದದ್ದರಲ್ಲಿ ಅವನಿಗೂ ಪಾಲು.

"ಒಂದು ಸಲ ಹಿಡಿದ ಹಡಗಲ್ಲಿ ಸರಕಿನ ವ್ಯಾಪಾರಿಯ ಹೆಂಡತಿ ಇದ್ದಳಂತೆ ಕಣೇ, ಬಾಣಂತಿ. ತನ್ನ ರೂಮನ್ನೇ ಅವಳಿಗೆ ಬಿಟ್ಟುಕೊಟ್ಟು ಹೊರಗೆ ಚಳೀಲಿ ಮಲಗಿದ."

"ಅವಳ ಗಂಡನ ಸರಕು?"

"ಅದನ್ನ ಬಿಡಲಿಲ್ಲ," ಎಂದು ಸಪ್ಪೆಯಾಗಿ ಒಪ್ಪಿಕೊಂಡರು.

ಹ್ಯೂಸ್ಟನ್‌ನಲ್ಲಿ ನಾವು ಕೆಲವು ಕನ್ನಡದವರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರಿ, ಯಾರಾದರೊಬ್ಬರ ಭಾಷಣ ಕೇಳಿ ಊಟ ಮಾಡುತ್ತಿದ್ದೆವು. ಆ ತಿಂಗಳು ಮಾತಾಡಬೇಕಿದ್ದವರಿಗೆ ಜ್ವರ. ಇವರು ಯಾರನ್ನೂ ಕೇಳದೆ ವಾಟ್ಸಾಪ್‌ನಲ್ಲಿ "ನಾನು ಮಾತಾಡ್ತೀನಿ" ಎಂದು ಬರೆದುಬಿಟ್ಟರು. ಆಮೇಲೆ ಗಾಬರಿ.

"ಈ ಕಪ್ತಾನನಂಥ ಪ್ರೈವಟೀರ್‌ಗೆ ಕನ್ನಡದಲ್ಲಿ ಏನನ್ನಲಿ?"

"ಲೈಸೆನ್ಸ್ ಇರೋ ಕಡಲ್ಗಳ್ಳ ಅನ್ನಿ."

"ಛೇ, ಹಾಗೆಲ್ಲ ಅನ್ನಬೇಡ!" ಅವರ ಸ್ವಂತ ದೊಡ್ಡಪ್ಪನನ್ನು ಬೈದೆನೇನೋ ಎನ್ನುವ ಹಾಗೆ ಮುಖ ಮಾಡಿದರು.

ಅಪ್ಪ ಕನ್ನಡದಲ್ಲಿ ಭಾಷಣ ಮಾಡುತ್ತಾರೆಂದು ಮಗಳು ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಸುಮಾರು ಮೂವತ್ತು ಜನ ಸೇರಿದ್ದರು. ಇವರು ಇನ್ನೂ ಮೊದಲ ಹಡಗು ಹಿಡಿಯುತ್ತಿದ್ದರು, ಅಷ್ಟರಲ್ಲಿ ಧಾರವಾಡದ ಒಬ್ಬ ರಿಟೈರ್ಡ್ ಡಾಕ್ಟರು ಕೈಯೆತ್ತಿದರು.

"ಅಂದ್ರ ಇವಾ ಕಳ್ಳನ ಅಲ್ಲೇನ್ರಿ? ಸರ್ಕಾರದ ಚೀಟಿ ಕೈಯಾಗಿದ್ರ ಕಳ್ಳತನ ಅಲ್ಲಂತೀರೇನು?"

"ಯುದ್ಧದ ಕಾಲ ಡಾಕ್ಟ್ರೇ," ಎಂದರು ಇವರು. "ಅವನ ಬಂದರಿನ ಹಡಗುಗಳನ್ನ ಆ ಕಡೆಯವರು ಹಿಡೀತಿದ್ರು. ಆದರೂ ನೀವನ್ನೋದು ಪೂರ್ತಿ ಸುಳ್ಳಲ್ಲ."

ಮುಂದೆ ಕಪ್ತಾನನೇ ಸಿಕ್ಕಿಬಿದ್ದ ಭಾಗ ಬಂತು. ಶತ್ರುಗಳು ಅವನನ್ನು ಎರಡು ವರ್ಷ ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಗಡ್ಡ ಬಿಟ್ಟುಕೊಂಡು ಮನೆ ಬಾಗಿಲಿಗೆ ಬಂದಾಗ ಅವನ ಪುಟ್ಟ ಮಗಳು ಅಮ್ಮನ ಹಿಂದೆ ಅಡಗಿಕೊಂಡು, ಈ ಮನುಷ್ಯನನ್ನು ಹೊರಗೆ ಕಳಿಸು ಎಂದಳಂತೆ.

ಅಷ್ಟು ಹೇಳಿ ನನ್ನ ಗಂಡ ನಿಲ್ಲಿಸಿದರು. ಕೈಯಲ್ಲಿದ್ದ ಹಾಳೆ ನೋಡಿದರು. ನೀರು ಕುಡಿದರು. ಮತ್ತೆ ಹಾಳೆಯನ್ನೇ ನೋಡಿದರು.

ಯಾಕೆಂದು ನನಗೆ ಆಗ ಹೊಳೆಯಿತು. ಅವರು ಹ್ಯೂಸ್ಟನ್‌ಗೆ ಮೊದಲು ಒಬ್ಬರೇ ಬಂದಿದ್ದರು. ನನಗೂ ಮಗಳಿಗೂ ವೀಸಾ ಆಗುವಷ್ಟರಲ್ಲಿ ಎರಡು ವರ್ಷ ಕಳೆಯಿತು. ವಿಮಾನ ನಿಲ್ದಾಣದಲ್ಲಿ ಎತ್ತಿಕೊಳ್ಳಲು ಹೋದವರ ಕೈಯನ್ನು ಮೂರು ವರ್ಷದ ಮಗಳು ಹಲ್ಲಿನ ಗುರುತು ಮೂಡುವ ಹಾಗೆ ಕಚ್ಚಿದ್ದಳು. ಅವರು ಆಗ ನಕ್ಕಿದ್ದರು. ಆಫೀಸಿನವರಿಗೆ ಕೈ ಬಾಗಿಲಿಗೆ ಸಿಕ್ಕಿತೆಂದು ಹೇಳಿದ್ದರು. ಆಮೇಲೆ ಆ ವಿಷಯ ಎತ್ತಿದವರೇ ಅಲ್ಲ; ಮರೆತಿದ್ದಾರೆಂದೇ ನಾನು ತಿಳಿದಿದ್ದೆ. ಮಗಳಿಗೆ ಮಾತ್ರ ನಾನೇ ಒಮ್ಮೆ ಹೇಳಿದ್ದೆ.

ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ನನ್ನ ಮಗಳು. ಅವತ್ತು ಎದ್ದು ನಿಂತು ಎಲ್ಲರೆದುರು, "ಅಪ್ಪ, ನಾನು ಕಚ್ಚಿದ್ದೆ ಅಲ್ವಾ?" ಎಂದಳು.

"ಕಚ್ಚಿದ್ದೆ ಮರಿ. ಚೆನ್ನಾಗೇ ಕಚ್ಚಿದ್ದೆ," ಎಂದು ಇವರು ಕಣ್ಣೊರೆಸಿಕೊಂಡು ನಕ್ಕರು. ಏನೆಂದು ಗೊತ್ತಿಲ್ಲದವರೂ ನಕ್ಕರು.

"ಸಾಕ್ರಿ, ಉಳಿದದ್ದು ಇನ್ನೊಮ್ಮೆ ಹೇಳ್ರಿ. ಈಗ ಉಣ್ಣೂಣು," ಎಂದು ಡಾಕ್ಟರು ತಾವೇ ಕುರ್ಚಿ ಸರಿಸಿದರು. ಊಟದ ನಡುವೆ ತಟ್ಟೆ ಹಿಡಿದು ನನ್ನ ಬಳಿ ಬಂದು, "ನಾ ಕಳ್ಳ ಅಂದದ್ದು ಅವ್ರಿಗೆ ಬ್ಯಾಸರಾತೇನ್ರಿ ಅಕ್ಕಾರ?" ಎಂದು ಕೇಳಿದರು. ಇಲ್ಲ ಎಂದು ಎರಡು ಸಲ ಹೇಳಿದ ಮೇಲೆ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಮೂವರೂ ಗ್ಯಾಲ್ವೆಸ್ಟನ್ ಸಮುದ್ರದ ದಡಕ್ಕೆ ಹೋದೆವು. ಆಮೇಲೆ ಕಪ್ತಾನನಿಗೇನಾಯಿತು ಎಂದು ಅಪ್ಪನನ್ನು ಮಗಳು ಕೇಳಿದಳು.

ಕಪ್ತಾನ ಒಂದು ಚಳಿಗಾಲ ಮನೆಯಲ್ಲಿದ್ದ. ಹಗ್ಗಕ್ಕೆ ಬಗೆಬಗೆಯ ಗಂಟು ಹಾಕುವುದನ್ನು ಮಗುವಿಗೆ ಕಲಿಸಿದ. ಗಂಟುಗಳ ಆಸೆಗೆ ಅವಳು ಹತ್ತಿರ ಬಂದಳು. ಯುದ್ಧ ಇನ್ನೂ ಮುಗಿದಿರಲಿಲ್ಲ. ವಸಂತದಲ್ಲಿ ಅವನು ಮತ್ತೆ ಹೊರಟಾಗ ಹೆಂಡತಿ ಬೂಟು ಬಚ್ಚಿಟ್ಟಳು, ಬರಿಗಾಲಲ್ಲೇ ಹಡಗು ಹತ್ತಿದ. ಯುದ್ಧ ಮುಗಿದ ಮೇಲೆ ತಿರುಗಿ ಬಂದವನು ಮತ್ತೆ ಸಮುದ್ರಕ್ಕೆ ಇಳಿಯಲೇ ಇಲ್ಲ. ಮನೆಯ ಹಿಂದೆ ಈರುಳ್ಳಿ ಬೆಳೆದುಕೊಂಡು ಮುದುಕನಾಗಿ ಸತ್ತ.

"ಈರುಳ್ಳಿನಾ?"

"ಹೂಂ. ಊರಲ್ಲೇ ಒಳ್ಳೆ ಈರುಳ್ಳಿ ಅಂತ ಬರೆದಿದೆ," ಎಂದರು ನನ್ನ ಗಂಡ, ಬಹಳ ಹೆಮ್ಮೆಯಿಂದ.

ಮಗಳು ಜೋರಾಗಿ ನಕ್ಕು ಅವರ ತೋಳಿಗೆ ತೋಳು ಸೇರಿಸಿದಳು. ನನಗೆ ಹಸಿವಾಗಿತ್ತು, ತಿಂಡಿಯ ಡಬ್ಬಿ ತರಲು ಕಾರಿನ ಕಡೆ ನಡೆದೆ.